ಅಂಬಲಿ ಬಿಟ್ಟವರು

ಪಂಪಾಪತಿ ಸತ್ತ ದಿನ ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲ.

ಅವನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಮಾಲೆ. ಮೂವತ್ತನಾಲ್ಕು ವರ್ಷದ ಗಂಡಸು, ಹಿಂದಿನ ಸಂಜೆ ಸೈಕಲ್ ಚೈನಿಗೆ ಎಣ್ಣೆ ಹಾಕಿದವನು. ಹಾಸಿಗೆಯಿಂದ ಬೆಳಿಗ್ಗೆ ಏಳಲಿಲ್ಲ. ನಾನು ಅವನ ಪಕ್ಕ ಕುಳಿತಿದ್ದೆ. ಎದುರಿಗೆ ಅವನ ತಾಯಿ ಗುರುಸಿದ್ದವ್ವ. ನಮ್ಮ ನಡುವೆ ಆರು ವರ್ಷದ ಮಗಳು ತುಂಗಾ, ಮಾಲೆಯಿಂದ ಉದುರಿದ ಎಸಳುಗಳನ್ನು ಆರಿಸಿ ನೆಲದ ಮೇಲೆ ಸಾಲಾಗಿ ಇಡುತ್ತಿದ್ದಳು.

ಹುಲಿಗೆವ್ವ ಬಂದಳು. ನಮ್ಮ ಊರು ಮುತ್ತಾಳದಲ್ಲಿ ಯಾರ ಮನೆಯಲ್ಲಿ ಸಾವಾದರೂ ಹಾಡ್ಯಾಡಿ ಅಳಲು ಅವಳನ್ನು ಕರೆಯುತ್ತಾರೆ. ಅವಳು ದನಿ ಎತ್ತಬೇಕು, ಉಳಿದ ಹೆಂಗಸರು ಕೂಡಿಕೊಳ್ಳಬೇಕು. ಸೆರಗು ಬಾಯಿಗಿಟ್ಟು, "ಎಲ್ಲಿಗ್ಹೊಂಟ್ಯೋ ನನ್ನ ಎಳಿ ಬಿದಿರಾ" ಎಂದು ಒಂದು ಸಾಲು ಎತ್ತಿದಳು. ಯಾರೂ ಕೂಡಿಕೊಳ್ಳಲಿಲ್ಲ. ಅವಳಿಗೂ ಮುಂದಿನ ಸಾಲು ಬರಲಿಲ್ಲ.

"ಯಾರರ ದನಿ ಕೂಡಸ್ರೆವಾ."

"ನೀ ಹಾಡಬೇ, ನಾವು ಕೇಳ್ತೀವಿ," ಎಂದಳು ಪಕ್ಕದ ಮನೆಯವಳು.

"ನಾ ಏನ್ ರೇಡಿಯೋನಾ?"

ನಾಲ್ಕು ಜನ ನಕ್ಕರು. ಸಾವಿನ ಮನೆಯಲ್ಲಿ ನಕ್ಕೆವೆಂದು ಯಾರಿಗೂ ಮುಜುಗರವಾಗಲಿಲ್ಲ. ಈಚೆಗೆ ಎಲ್ಲ ಸಾವುಗಳೂ ಹೀಗೆಯೇ ಇದ್ದವು. ಜನ ಓದಿದ್ದಾರೆ, ಗಂಭೀರರಾಗಿದ್ದಾರೆ ಎಂದುಕೊಂಡಿದ್ದೆವು. ನನ್ನ ಮಟ್ಟಿಗೆ, ಇದು ಆಘಾತ ಎಂದುಕೊಂಡೆ. ಆಘಾತದಲ್ಲಿ ಕಣ್ಣೀರು ತಡವಾಗಿ ಬರುತ್ತದೆ ಎಂದು ಓದಿದ್ದೆ. ಕಾದೆ.

ಸಣ್ಣ ವಯಸ್ಸಿನ ಸಾವೆಂದು ಶವಪರೀಕ್ಷೆ ಮಾಡಿದ್ದರು. ಹೃದಯದಲ್ಲಿ ಹಳೆಯ ಗಾಯದ ಕಲೆಗಳಿದ್ದವು, ಮೊದಲೂ ಹೃದಯಾಘಾತ ಆಗಿದೆ ಎಂದು ಡಾಕ್ಟರು ಹೇಳಿದರು. "ಎದೆನೋವು ಅಂತ ಒಂದು ಸಲವೂ ಹೇಳಿರಲಿಲ್ಲವೇ?"

"ಇಲ್ಲ," ಎಂದೆ.

ಅವರು ತಲೆಯಾಡಿಸಿದರು. ಆ ಮಾತು ಅಲ್ಲಿಗೆ ನಿಂತಿತು.

ಮೂರನೆಯ ದಿನ ಬಳಗ ಸೇರಿತು. ನಮ್ಮ ಕಡೆ, ಸತ್ತವರಿಗೆ ಪ್ರೀತಿಯಾಗಿದ್ದ ತಿನಿಸನ್ನು ಮನೆಯವರು ಒಂದು ವರ್ಷ ಬಿಡುತ್ತಾರೆ. ನಾನು ಬದನೆಕಾಯಿ ಬಿಟ್ಟೆ. ಅತ್ತೆ ತುಸು ಯೋಚಿಸಿ ಹೇಳಿದರು. "ನನ ಮಗ ಅಂಬಲಿ ಕುಡದು ಬೆಳದಂವ. ನಾ ಅಂಬಲಿ ಬಿಟ್ಟೆ."

"ಬ್ಯಾಸಗಿ ಬಂತು, ಅಂಬಲಿ ಬಿಟ್ಟು ಹೆಂಗ ಇರ್ತೀಯವಾ?" ಎಂದಳು ಹುಲಿಗೆವ್ವ. "ನಾ ಅಂತೂ ಎಲಿ ಅಡಕಿ ಬಿಡಾಂಗಿಲ್ಲ. ಊರಾಗ ಸತ್ತಾವರೆಲ್ಲಾ ಎಲಿ ಅಡಕಿ ತಿನ್ನಾವರ."

ಮತ್ತೆ ನಗು.

*

ಊರಿನ ಹೊರಗಿನ ಅಂಬಲಿ ಘಟಕದ ಲ್ಯಾಬಿನಲ್ಲಿ ನನ್ನ ಕೆಲಸ. ಸೂಕ್ಷ್ಮಜೀವಿ ಶಾಸ್ತ್ರ ಓದಿದವಳು. ಟ್ಯಾಂಕುಗಳಿಂದ ಬಂದ ಸ್ಯಾಂಪಲ್‌ಗಳಲ್ಲಿ ಬ್ಯಾಕ್ಟೀರಿಯಾ ಜೀವಂತವಿದೆಯೇ, ಬೇರೆ ಯಾವುದೂ ಬೆರೆತಿಲ್ಲವೇ ಎಂದು ನೋಡುವುದು.

ಜೋಳದ ಗಂಜಿ ಕಾಸಿ, ಆರಿಸಿ, ಹಿಂದಿನ ದಿನದ ಅಂಬಲಿಯನ್ನು ಒಂದು ಸೌಟು ಬೆರೆಸಿ ಗಡಿಗೆಯಲ್ಲಿ ಹುಳಿಯಲು ಬಿಡುವುದು ಇಲ್ಲಿಯ ಹಳೆಯ ಪದ್ಧತಿ. ಮನೆ ಮನೆಯ ಗಡಿಗೆಯಲ್ಲೂ ಹತ್ತಾರು ಬಗೆಯ ಬ್ಯಾಕ್ಟೀರಿಯಾಗಳಿದ್ದವು. ಅವುಗಳಲ್ಲಿ ಒಂದು ತಳಿ ಕರುಳಿನ ಗೋಡೆಗೆ ಬಲವಾಗಿ ಅಂಟಿಕೊಂಡು, ವಾಂತಿಭೇದಿಯ ಕ್ರಿಮಿಗಳಿಗೆ ಜಾಗವನ್ನೇ ಕೊಡುವುದಿಲ್ಲ ಎಂದು ಗೊತ್ತಾಯಿತು. ಅದೊಂದನ್ನೇ ಬೇರ್ಪಡಿಸಿ, ದೊಡ್ಡ ಟ್ಯಾಂಕುಗಳಲ್ಲಿ ಬೆಳೆಸಿ, ಒಣಗಿಸಿ, ಪ್ಯಾಕೆಟ್ ಮಾಡಿ ಅಂಗನವಾಡಿಗಳಿಗೆ ಕೊಟ್ಟರು. ತುಂಗಾ ಹುಟ್ಟಿದ ವರ್ಷ ಅದು. ಜನ ಅದನ್ನು ಹೊಸ ಹುಳಿ ಎಂದರು. ಹಳೆಯ ಗಡಿಗೆಗಳ ಹುಳಿಯನ್ನು ಚೆಲ್ಲಿ ಮನೆ ಮನೆಯಲ್ಲೂ ಇದನ್ನೇ ಬೆರೆಸತೊಡಗಿದರು. ಮೂರು ತಾಲ್ಲೂಕುಗಳಲ್ಲಿ ಮಕ್ಕಳು ಮಳೆಗಾಲದಲ್ಲಿ ಸಾಯುವುದು ನಿಂತಿತು. ಮಕ್ಕಳು ಹಟವನ್ನೂ ಬಿಟ್ಟರು. ಅಂಬಲಿ ಶುರು ಮಾಡಿದ ಮೇಲೆ ತುಂಗಾ ರಾತ್ರಿ ಎದ್ದು ಅತ್ತದ್ದು ನನಗೆ ನೆನಪಿಲ್ಲ. ಪುಣ್ಯವಂತ ಕೂಸು ಎನ್ನುತ್ತಿದ್ದರು.

ಗಂಡ ಹೋದ ವಾರವೇ ನಾನು ಕೆಲಸಕ್ಕೆ ಹೋದೆ. ಲ್ಯಾಬಿನ ತಂತ್ರಜ್ಞ ಯಮನೂರಪ್ಪ ಕುರ್ಚಿ ಸರಿಸಿ ಕೊಟ್ಟ. "ಭಾಳ ಬೇಜಾರಾತ್ರೀ ಮೇಡಂ," ಎಂದ. ಮುಖದಲ್ಲಿ ಬೇಜಾರಿರಲಿಲ್ಲ. ನನ್ನ ಮುಖದಲ್ಲೂ ಇರಲಿಲ್ಲ. ಇಬ್ಬರೂ ಸ್ಯಾಂಪಲ್ ನೋಡಿದೆವು.

*

ಕೆಲವು ವಾರ ಕಳೆದಿದ್ದವು. ಒಂದು ಬೆಳಿಗ್ಗೆ ನಾನು ಹಿಟ್ಟು ಜರಡಿ ಹಿಡಿಯುತ್ತಿದ್ದಾಗ ಒಳಮನೆಯಿಂದ ಅತ್ತೆ ಕೂಗಿದರು.

"ಯವ್ವಾ ನೀಲಾ! ಮಣಕಾಲು! ಯಾರೋ ಮೊಳಿ ಬಡದಂಗಾಗೇತಿ!"

ಅವರ ಮೊಣಕಾಲು ವರ್ಷಗಳಿಂದ ಊದಿಕೊಂಡಿತ್ತು. ಅದರ ಮೇಲೆಯೇ ಎದ್ದು ಕುಳಿತು ಸಾರಿಸಿ ಗುಡಿಸುತ್ತಿದ್ದರು. ಈಗ ಅದನ್ನು ಎರಡೂ ಕೈಯಲ್ಲಿ ಹಿಡಿದು ಬೆವರುತ್ತಿದ್ದರು. ಎಣ್ಣೆ ಹಚ್ಚಿದೆ. ಮುಟ್ಟಿದಲ್ಲೆಲ್ಲ ಚೀರಿದರು. ಮರುದಿನ ಮೊಣಕಾಲನ್ನು ಬಿಟ್ಟು ಬೇರೆಯದಕ್ಕೆ ಅಳತೊಡಗಿದರು.

ಮೊದಲು ತಮ್ಮ ತಂಗಿಗಾಗಿ ಅತ್ತರು. ತಂಗಿ ಸತ್ತು ನಾಲ್ಕು ವರ್ಷವಾಗಿತ್ತು, ಆಗ ಅತ್ತೆ ಮಣ್ಣು ಕೊಟ್ಟು ಬಂದು ಹೋಳಿಗೆ ಉಂಡಿದ್ದರು. ಆಮೇಲೆ ಮಾವನಿಗಾಗಿ. ಆಮೇಲೆ ಪಂಪಾಪತಿಗಾಗಿ. ಅವನ ಹೆಸರು ಬಂದಾಗ ಅವರ ಗಂಟಲಿನಿಂದ ಹೊರಟ ದನಿಗೆ ಅಟ್ಟದ ಮೇಲಿನ ಬೆಕ್ಕು ಹಾರಿ ಹೊರಗೆ ಓಡಿತು.

ಓಣಿಯವರು ಬಾಗಿಲಲ್ಲಿ ಸೇರಿದರು.

"ಏನಾತಬೇ? ಸತ್ತು ತಿಂಗಳ ಮ್ಯಾಲಾತಲ್ಲ!"

"ಎಲ್ಲಾರೂ ಒಮ್ಮಿಗೇ ಸಾಯಾಕತ್ತಾರ," ಎಂದರು ಅತ್ತೆ. "ಇವತ್ತ ಸಾಯಾಕತ್ತಾರ ಎಲ್ಲಾರೂ."

ಹುಲಿಗೆವ್ವ ಕಂಬಕ್ಕೆ ಒರಗಿ, ತಲೆ ಒಂದು ಕಡೆ ವಾಲಿಸಿ ಕೇಳುತ್ತಿದ್ದಳು. ಕಳೆದುಹೋದ ಪಾತ್ರೆ ಅಟ್ಟದ ಮೇಲೆ ಸಿಕ್ಕವರ ಹಾಗೆ ಹೇಳಿದಳು. "ಹಿಂಗ ನೋಡು ನಾವು ಅಳತಿದ್ದದ್ದು. ನಾ ಮರತ ಬಿಟ್ಟಿದ್ದೆ."

ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ನಾಡಿ ನೋಡಿದರು. ನಿದ್ರೆಗೆ ಮಾತ್ರೆ ಬರೆದರು. "ಅಂಬಲಿ ಕುಡಿಯುತ್ತಾರಾ?"

"ಇಲ್ಲ. ಮಗನ ಹೆಸರಲ್ಲಿ ಬಿಟ್ಟಿದ್ದಾರೆ."

"ಕುಡಿಸಿ. ಎಲ್ಲ ಸರಿಹೋಗುತ್ತದೆ. ಇಲ್ಲಿ ಅಂಬಲಿ ಕುಡಿಯುವವರು ಇಂಥ ತೊಂದರೆ ಹೇಳಿಕೊಂಡು ನನ್ನ ಹತ್ತಿರ ಬರುವುದೇ ಇಲ್ಲ."

ಆಟೋದಲ್ಲಿ ಅತ್ತೆ ನನ್ನ ಭುಜಕ್ಕೆ ತಲೆಯಿಟ್ಟು ನರಳುತ್ತಿದ್ದರು. ಡಾಕ್ಟರ ಮಾತು ತಲೆಯಲ್ಲೇ ಇತ್ತು. ಊರಿನಲ್ಲಿ ಅಂಬಲಿ ಬಿಟ್ಟವರು ಇವರೊಬ್ಬರೇ. ಅಳುತ್ತಿರುವವರೂ ಇವರೊಬ್ಬರೇ.

ಆ ದಿನ ತುಂಗಾಳಿಗೆ ನೀರು ಹಾಕುವಾಗ ಅವಳ ಬಲಗೈ ಬೆರಳು ಕಂಡಿತು. ಉಗುರು ಪೂರ್ತಿ ಕಪ್ಪಾಗಿ ಎದ್ದುಬಂದಿತ್ತು. ಕೆಳಗೆ ಕೀವು.

"ಇದೇನಿದು?"

"ಶಾಲ್ಯಾಗ ಬಾಗಲ ಸಂದ್ಯಾಗ ಸಿಕ್ಕಿತ್ತು."

"ಯಾವಾಗ?"

"ಮರತೆ," ಎಂದು ಅದೇ ಬೆರಳಿನಿಂದ ಸೋಪಿನ ಗುಳ್ಳೆ ಒಡೆದಳು.

*

ಮರುದಿನ ಲ್ಯಾಬಿನ ಫ್ರೀಜರಿನಿಂದ ಮಂಜುಗಡ್ಡೆ ತೆಗೆದು ಅಗಲ ಪಾತ್ರೆಯಲ್ಲಿ ನೀರಿಗೆ ಹಾಕಿದೆ. ನೋವನ್ನು ಅಳೆಯುವ ಅತಿ ಸರಳ ಪರೀಕ್ಷೆ ಅದು. ಮಂಜುನೀರಿನಲ್ಲಿ ಕೈಯಿಟ್ಟರೆ ಯಾರಾದರೂ ಒಂದೆರಡು ನಿಮಿಷದಲ್ಲಿ ತಡೆಯಲಾರದೆ ತೆಗೆಯುತ್ತಾರೆ.

ಯಮನೂರಪ್ಪ ಕೈಯಿಟ್ಟ. ಪ್ಯಾಕಿಂಗಿನ ಹುಡುಗಿಯರು ಬಂದರು. ಪಂದ್ಯವಾಯಿತು.

"ಥಂಡಿ ಐತಿ ಹೌದಿಲ್ಲೋ?"

"ಐತಿ. ಭಾಳ ಥಂಡಿ ಐತಿ."

"ಮತ್ತ ತಗಿ."

"ಯಾಕ ತಗೀಲಿ? ನೀ ಸೋತಿ ಅಂತ ಒಪ್ಪು ಮೊದಲ. ನನ ಮದವ್ಯಾಗ ಉಂಗುರ ಹಾಕೂ ಮುಂದ ನನ ಗಂಡನ ಕೈ ಇದಕ್ಕಿಂತ ಥಂಡಿ ಇತ್ತು!"

ಎಲ್ಲರೂ ನಗುತ್ತಿದ್ದರು. ಕೈಗಳು ಕೆಂಪಾದವು, ಬಿಳಿಚಿದವು, ಬೆರಳ ತುದಿ ನೀಲಿಯಾಯಿತು. ಯಾರೂ ತೆಗೆಯಲಿಲ್ಲ. ಕೊನೆಗೆ ನಾನೇ ಒಬ್ಬೊಬ್ಬರ ಮಣಿಕಟ್ಟು ಹಿಡಿದು ಎಳೆದೆ. ಆಗ ನೋಡಿದರೆ ನನ್ನ ಎಡಗೈ ಕೂಡ ಮೊದಲಿನಿಂದ ಪಾತ್ರೆಯಲ್ಲಿಯೇ ಇತ್ತು.

ಮನೆಗೆ ಬಂದು ಅತ್ತೆಯ ಕೈಯನ್ನು ಅಂಥದೇ ನೀರಿಗೆ ಮುಟ್ಟಿಸಿದೆ. "ಸಾಯಿಸ್ತೀಯೇನು ನನ್ನ!" ಎಂದು ಕೈ ಕಿತ್ತುಕೊಂಡು ನೀರನ್ನು ನನ್ನ ಮೈಮೇಲೆ ಎರಚಿದರು.

ಮುಂದಿನದು ಕಷ್ಟವಿರಲಿಲ್ಲ. ಎಲ್ಲರ ಮಲದ ಸ್ಯಾಂಪಲ್ ನೋಡಿದೆ. ಅವರ ಕರುಳಿನಲ್ಲಿ ನಮ್ಮ ತಳಿ ಉಳಿದಿರಲಿಲ್ಲ. ದಿನವೂ ಕುಡಿಯದಿದ್ದರೆ ಅದು ಕೆಲವೇ ವಾರಗಳಲ್ಲಿ ತೊಳೆದುಹೋಗುತ್ತದೆ. ನನ್ನಲ್ಲಿ, ತುಂಗಾಳಲ್ಲಿ, ಲ್ಯಾಬಿನವರಲ್ಲಿ ಅದೇ ತುಂಬಿತ್ತು. ಅದು ಮಾಡುವ ಸಣ್ಣದೊಂದು ರಾಸಾಯನಿಕವನ್ನು ಗುರುತಿಸಿದೆ. ಕರುಳಿನಿಂದ ಮಿದುಳಿಗೆ ಹೋಗುವ ನರವನ್ನು ಅದು ಮಂಕಾಗಿಸುತ್ತದೆ. ಬಿಸಿ ಗೊತ್ತಾಗುತ್ತದೆ, ಸುಡುವುದು ಗೊತ್ತಾಗುವುದಿಲ್ಲ. ಸಾವು ಗೊತ್ತಾಗುತ್ತದೆ, ಅಷ್ಟೆ. ಹಳೆಯ ಗಡಿಗೆಗಳಲ್ಲಿದ್ದ ಬೇರೆ ಬ್ಯಾಕ್ಟೀರಿಯಾಗಳು ಆ ರಾಸಾಯನಿಕವನ್ನು ತಿಂದುಬಿಡುತ್ತಿದ್ದವು. ನಾವು ಒಂದನ್ನೇ ಬೆಳೆಸಿದ್ದೆವು. ಯಾರೂ ದೂರು ಹೇಳಿರಲಿಲ್ಲ. ದೂರು ಹೇಳಲು ಮೊದಲು ನೋಯಬೇಕು.

ಸಾಯುವ ಹಿಂದಿನ ಸಂಜೆ, ಸೈಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತ ಪಂಪಾಪತಿ ಎಡಗೈಯನ್ನು ಎರಡು ಮೂರು ಸಲ ಕೊಡವಿದ್ದ. ಏನಾಯಿತೆಂದು ಕೇಳಿದ್ದೆ. "ಏನಿಲ್ಲ, ಕೈ ಭಾರ ಅನಸ್ತೈತಿ," ಎಂದಿದ್ದ. ಹಣೆ ಒದ್ದೆಯಾಗಿತ್ತು. ಊಟಕ್ಕೆ ಒಂದು ಲೋಟ ಅಂಬಲಿ ಹೆಚ್ಚು ಕುಡಿದು ಮಲಗಿದ.

ಇದು ಹೊಳೆದಾಗ ನಾನು ಪಾತ್ರೆ ತೊಳೆದು ಬೋರಲು ಹಾಕಿದೆ. ಎದೆ ಒಡೆಯಬೇಕಾದ ಹೊತ್ತು ಅದು. ಒಡೆಯಲಿಲ್ಲ. ತುಂಗಾ ನೆಲದ ಮೇಲೆ ಚಿತ್ರ ಬರೆಯುತ್ತಿದ್ದಳು. ಅವಳೊಳಗೆ ಏನು ಕೆಟ್ಟರೂ ಅವಳು ಹೇಳುವುದಿಲ್ಲ, ನನಗೆ ಗೊತ್ತಾಗುವುದಿಲ್ಲ. ಇದನ್ನು ವಾಕ್ಯವಾಗಿ ಯೋಚಿಸಿದೆ. ವಾಕ್ಯವಾಗಿಯೇ ಉಳಿಯಿತು.

*

ಘಟಕದ ಮುಖ್ಯಸ್ಥ ಕುಬೇರಪ್ಪನವರು ಎಲ್ಲವನ್ನೂ ಶ್ರದ್ಧೆಯಿಂದ ಕೇಳಿದರು. ಒಳ್ಳೆಯ ಮನುಷ್ಯ.

"ಅಂದ್ರ ನಿಮ್ಮ ಯಜಮಾನರು..."

"ಹೌದು ಸರ್."

"ಪಾಪ," ಎಂದು ಚಹಾ ತರಿಸಿದರು. "ಹೋದ ತಿಂಗಳ ನಮ್ಮ ಡ್ರೈವರ್ ಸ್ಕೂಟರ್ ಹೊಡ್ಕೊಂಡು ಆಸ್ಪತ್ರಿಗೆ ಹೋಗಿದ್ದ, ಸಣ್ಣ ಜ್ವರ ಅಂತ. ನೋಡಿದ್ರ ಹೊಟ್ಟ್ಯಾಗ ಅಪೆಂಡಿಕ್ಸ್ ಒಡದಿತ್ತು. ಎರಡ ದಿನದಾಗ ಹೋದ. ಅದೂ ಇದ ಇರಬೇಕು."

"ಇದೇ. ನಿಲ್ಲಿಸಬೇಕು ಸರ್."

"ನಿಲ್ಲಸಬೇಕು," ಎಂದು ಒಪ್ಪಿದರು. "ಆದ್ರ ಈಗ ನಿಲ್ಲಿಸಿದ್ರ ಮಳಿಗಾಲದಾಗ ವಾಂತಿಭೇದಿ ಬರತೈತಿ. ಕೂಸುಗಳು ಹೋಗ್ತಾವ. ಹಳೀ ಹುಳಿ ಯಾರ ಮನ್ಯಾಗೂ ಉಳದಿಲ್ಲ. ಅದೂ ಖರೆ, ಇದೂ ಖರೆ. ವರದಿ ಕಳಸೂಣ. ಬಿಸ್ಕೀಟ್ ತಗೋರಿ."

ಬಿಸ್ಕತ್ತು ತಿಂದೆ. ಉರಿಯುವ ಮನೆಯೊಳಗೆ ಕುಳಿತು ಇಬ್ಬರು ಹವಾಮಾನ ಮಾತಾಡುತ್ತಿದ್ದೇವೆ ಎನ್ನುವುದು ನನಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು.

"ಸರ್, ನಮಗೆ ಅಂಜಿಕೆ ಆಗುತ್ತಿಲ್ಲ. ಅದಕ್ಕೇ ಇದನ್ನು ಮುಂದಕ್ಕೆ ಹಾಕುತ್ತಿದ್ದೇವೆ. ಅಂಜುವವರು ಒಬ್ಬರಿದ್ದಾರೆ. ಕರೆದುಕೊಂಡು ಬರುತ್ತೇನೆ. ಅವರು ಹೇಳಿದಂತೆ ಮಾಡೋಣ."

ಅವರಿಗೆ ತಮಾಷೆ ಎನಿಸಿತು. "ಕರಕೊಂಡ ಬರ್ರಿ," ಎಂದರು.

ಅತ್ತೆ ಕಂಟ್ರೋಲ್ ರೂಮಿನ ಮೆಟ್ಟಿಲುಗಳನ್ನು ಒಂದೊಂದಾಗಿ, ಕಂಬಿ ಹಿಡಿದು, ಶಿವನನ್ನು ಬೈಯುತ್ತಾ ಹತ್ತಿದರು. ಗಾಜಿನಾಚೆ ಸಾಲು ಟ್ಯಾಂಕುಗಳು. ಯಮನೂರಪ್ಪ ಪರದೆಗಳ ಮುಂದಿನಿಂದ ಎದ್ದು ಕುರ್ಚಿ ಕೊಟ್ಟ. ನಾನು ಎಲ್ಲವನ್ನೂ ಅವರಿಗೆ ತಿಳಿಯುವಂತೆ ಹೇಳಿದೆ.

"ಅಂದ್ರ ನನ ಮಗ ಇದನ್ನ ಕುಡದು ಸತ್ನೇನು?"

"ಅವರಿಗೆ ಎದಿಬ್ಯಾನಿ ಇತ್ತು ಅತ್ತಿ. ಇದು ಅದನ್ನ ಮುಚ್ಚಿಬಿಟ್ತು. ಗೊತ್ತಾಗಿದ್ರ ದವಾಖಾನಿಗೆ ಹೋಗಬಹುದಿತ್ತು."

ಅತ್ತೆ ಎದೆ ಎದೆ ಬಡಿದುಕೊಂಡರು. ಆ ಕಿರುಚಾಟಕ್ಕೆ ಗಾಜು ಅದುರಿತು. ಕೋಣೆಯಲ್ಲಿದ್ದ ಎಲ್ಲರೂ ತಿರುಗಿ ನೋಡಿದರು. ಯಾರೂ ಹತ್ತಿರ ಬರಲಿಲ್ಲ. ಯಮನೂರಪ್ಪ ಇನ್ನೊಂದು ಕುರ್ಚಿ ತಿರುಗಿಸಿ, ಸರಿಯಾಗಿ ಕಾಣುವ ಹಾಗೆ ಕುಳಿತ.

ಅತ್ತೆ ಕುಬೇರಪ್ಪನವರ ತೋಳು ಹಿಡಿದು ಅಲುಗಿಸಿದರು. "ನಿನಗ ಮಕ್ಕಳದಾವಿಲ್ಲೋ? ಕಡೀಕ ಯಾವಾಗ ಅತ್ತಿದ್ದು ಅವು? ಹೇಳು!"

ಅವರು ಪ್ರಾಮಾಣಿಕವಾಗಿ ಯೋಚಿಸಿದರು. "ನೆನಪಿಲ್ಲವಾ."

"ಎದಿ ಝಲ್ ಅನ್ನೋಲ್ತೇನೋ ನಿಂದು?"

"ಅನ್ನಬೇಕಿತ್ತು," ಎಂದರು ಕುಬೇರಪ್ಪ.

"ಅತ್ತಿ," ಎಂದೆ. "ಬಂದ್ ಮಾಡೂಣೇನು? ನೀವು ಹೂಂ ಅಂದ್ರ ಇವತ್ತ ಬಂದ್ ಮಾಡ್ತೀವಿ."

ಅತ್ತೆ ಗಾಜಿಗೆ ಕೈಯೂರಿ ಟ್ಯಾಂಕುಗಳನ್ನು ನೋಡಿದರು. ಪಂಪಾಪತಿಗಿಂತ ಮೊದಲು ಅವರಿಗೆ ಎರಡು ಹೆಣ್ಣು ಕೂಸು ಹುಟ್ಟಿದ್ದವು. ಎರಡೂ ಒಂದೇ ಮಳೆಗಾಲದಲ್ಲಿ ವಾಂತಿಭೇದಿಯಿಂದ ಹೋಗಿದ್ದವು. ಆ ವಿಷಯ ಅವರು ನನಗೆ ಹಿಂದೊಮ್ಮೆ ಸೊಪ್ಪು ಸೋಸುತ್ತಾ ಹೇಳಿದ್ದರು.

"ಬಂದ್ ಮಾಡು ಅಂದ್ರ ಆ ಕೂಸುಗಳ ಮಾರಿ ಮುಂದ ಬರತಾವ," ಎಂದರು. "ಬ್ಯಾಡ ಅಂದ್ರ ನನ ಮಗನ ಮಾರಿ. ಇದನ್ನ ನನ್ನ ಕೇಳತೀರೇನು? ಕಲ್ಲಿನಂಥಾ ಮಂದಿ ಇಷ್ಟು ಕುಂತೀರಿ, ನೀವ ಹೇಳ್ರಿ!"

ಕುಬೇರಪ್ಪನವರು ಯಮನೂರಪ್ಪನನ್ನು ನೋಡಿದರು, ಯಮನೂರಪ್ಪ ಪರದೆಗಳನ್ನು ನೋಡಿದ.

ಆಮೇಲೆ ಅತ್ತೆ ಕೈ ಚಾಚಿದರು. "ಒಂದ ಲೋಟ ಕೊಡ್ರಿ."

ನನಗೆ ಅರ್ಥವಾಗಲಿಲ್ಲ. ಯಮನೂರಪ್ಪನಿಗೆ ಅರ್ಥವಾಯಿತು. ಸಂದರ್ಶಕರಿಗೆಂದು ಇಟ್ಟಿದ್ದ ತಣ್ಣನೆಯ ಅಂಬಲಿಯನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟ. ನಾನು ಅವರ ಮಣಿಕಟ್ಟು ಹಿಡಿದೆ.

"ಅತ್ತಿ, ಬ್ಯಾಡ. ಇಡೀ ಊರಾಗ ನೀವೊಬ್ಬರ..."

"ಅದಕ್ಕ ಬೇಕು. ಊರ ಅಳು ಎಲ್ಲಾ ನಾ ಒಬ್ಬಾಕಿ ಅಳಬೇಕೇನು? ಬಿಡು ಕೈ."

"ವ್ರತ ಮುರೀತೈತಿ."

"ನನ ಮಗ ಮಾಫ್ ಮಾಡ್ತಾನ."

ಕುಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡರು. ಅಂಬಲಿ ಕೆಲಸ ಶುರು ಮಾಡಲು ದಿನಗಳು ಬೇಕು, ಇನ್ನೂ ಅವರ ಕಣ್ಣು ಹರಿಯುತ್ತಲೇ ಇತ್ತು. ಆ ಕಣ್ಣಲ್ಲೇ ನನ್ನನ್ನು ನೋಡಿದರು.

"ಕೂಸಿಗೆ ಕೊಡಬ್ಯಾಡ."

"ನಾನು?"

"ನೀ ಕುಡದ್ರ ಕೂಸಿನ ಸಲುವಾಗಿ ಅಂಜಾವರು ಯಾರು?"

*

ವರದಿ ಹೋಯಿತು. ಗಮನಿಸಲಾಗಿದೆ ಎಂದು ಉತ್ತರ ಬಂತು. ಟ್ಯಾಂಕುಗಳು ನಡೆಯುತ್ತಿದ್ದವು. ಅತ್ತೆ ಮತ್ತೆ ಮೊಣಕಾಲಿನ ಮೇಲೆ ಕುಳಿತು ಮನೆ ಸಾರಿಸತೊಡಗಿದರು. ಒಂದು ದಿನ ಮಗನ ಫೋಟೋ ನೋಡಿ, ಗಾಜಿಗೆ ಧೂಳು ಕುಂತೈತಿ ಎಂದರು.

ನಾನು ಮತ್ತು ತುಂಗಾ ಅಂಬಲಿ ಬಿಟ್ಟೆವು. ನೀರು ಕುದಿಸಿ ಬಾಟಲಿಗೆ ತುಂಬಿ ಶಾಲೆಗೆ ಕೊಟ್ಟೆ. ಕೈ ತೊಳೆಸಿದೆ, ತಿನಿಸು ಮುಚ್ಚಿಟ್ಟೆ. ಮಳೆ ಶುರುವಾಗಿತ್ತು. ನಮ್ಮ ಹೊಟ್ಟೆಗಳಿಗೆ ಈಗ ಕಾವಲಿರಲಿಲ್ಲ. ಒಂದು ದಿನ ಬಲದವಡೆಯಲ್ಲಿ ಏನೋ ಮಿಡಿಯತೊಡಗಿತು. ಕನ್ನಡಿಯಲ್ಲಿ ನೋಡಿದರೆ ಹಲ್ಲು ಎಂದೋ ಕೊಳೆತಿತ್ತು. ಹೊರಗೆ ಯಾರೋ ಪಾತ್ರೆ ಬೀಳಿಸಿದರೆ ಬೆಚ್ಚಿಬೀಳುತ್ತಿದ್ದೆ.

ಭಾನುವಾರ ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದೆ. ತುಂಗಾ ಬಾಗಿಲ ಚೌಕಟ್ಟು ಹಿಡಿದು, ಅರ್ಧ ಬಾಗಿ ನಿಂತಿದ್ದಳು. ಮುಖ ಸುಣ್ಣದಂತಾಗಿತ್ತು.

"ಅವ್ವಾ, ಹೊಟ್ಟ್ಯಾಗ ಏನೋ ಬಂದು ಕುಂತೈತಿ. ತಗಿ ಅದನ್ನ."

"ಎಲ್ಲಿ?"

ಬಲಕ್ಕೆ, ಕೆಳಗೆ ತೋರಿಸಿದಳು. ಮುಟ್ಟಿದೆ. ಅವಳು ಬಾಯಿ ತೆರೆದಳು, ದನಿ ಬರಲಿಲ್ಲ. ಆ ಬಾಯಿಯಿಂದ ಏನು ಹೊರಡಬೇಕೆಂದು ಅವಳಿಗೇ ತಿಳಿಯದ ಹಾಗೆ ನನ್ನನ್ನೇ ನೋಡಿದಳು.

ಅತ್ತೆ ತಮ್ಮ ಅಂಬಲಿಯ ಲೋಟ ಹಿಡಿದು ಪಡಸಾಲೆಯಿಂದ ಬಂದರು. ನಗುತ್ತಿದ್ದರು. "ಒಂದ ಗುಟುಕು ಕುಡಸವಾ. ಈಗ ಹೋಗಿಬಿಡತೈತಿ."

ನನ್ನ ಕೈ ತಾಗಿ ಲೋಟ ಗೋಡೆಗೆ ಬಡಿಯಿತು. ತುಂಗಾಳನ್ನು ಎತ್ತಿಕೊಂಡೆ. ಒಲೆಯ ಮೇಲಿನ ರೊಟ್ಟಿ ಬಿಟ್ಟು, ಚಪ್ಪಲಿ ಬಿಟ್ಟು ಓಡಿದೆ. ಕಾಲಿಗೆ ಕಲ್ಲುಗಳು ಚುಚ್ಚುತ್ತಿದ್ದವು, ಒಂದೊಂದೂ ಚುಚ್ಚುತ್ತಿತ್ತು. ನಾನು ಕೂಗುತ್ತಿದ್ದೆ. ಆಟೋ ಎಂದು ಕೂಗಿದೆನೋ ಪಂಪಾಪತಿಯನ್ನು ಕೂಗಿದೆನೋ ತಿಳಿಯದು. ಓಣಿಯ ಬಾಗಿಲುಗಳು ತೆರೆದವು. ಜನ ಲೋಟ ಹಿಡಿದು ಕಟ್ಟೆಯ ಮೇಲೆ ನಿಂತು ನೋಡಿದರು. "ಅಷ್ಟ್ಯಾಕ ಓಡ್ತೀಯವಾ?" ಎಂದು ಯಾರೋ ಕೇಳಿದರು. ಆಗ ನನ್ನ ಕಿವಿಯ ಪಕ್ಕದಲ್ಲೇ ತುಂಗಾ ಕಿರುಚಿದಳು. ಅವಳಿಗೆ ಅಂಥ ದನಿಯಿದೆ ಎಂದು ನನಗೆ ಗೊತ್ತಿರಲಿಲ್ಲ.

ಅಪೆಂಡಿಕ್ಸ್ ಇನ್ನೂ ಒಡೆದಿರಲಿಲ್ಲ. ಕೂಡಲೇ ಒಳಗೆ ತೆಗೆದುಕೊಂಡರು. ಬದುಕುತ್ತಾಳೆ ಎಂದು ಡಾಕ್ಟರು ಹೇಳಿದ್ದನ್ನು ನಾನು ಎರಡು ಸಲ ಹೇಳಿಸಿಕೊಂಡೆ.

ಬಾಗಿಲು ಮುಚ್ಚಿತು. ಗೋಡೆ ಹಿಡಿದು ಬೆಂಚಿನವರೆಗೆ ಬಂದು ಕುಳಿತೆ.

ಆಗ ಪಂಪಾಪತಿ ಸತ್ತ.